ಜಾಗ ಕೊಳ್ಳದೆ ಬಂಡಾ ನೈರಾದಲ್ಲಿ ಮನೆ ಮಾಡಿದ್ದು: ನನ್ನ ಅನುಭವ

ಕಳೆದ ತಿಂಗಳು ಇಲ್ಲಿ, ಇಂಡೋನೇಷ್ಯಾದ ಬಂಡಾ ನೈರಾ ದ್ವೀಪದಲ್ಲಿ, ಮೂರು ದಿನ ಬಿಡದೆ ಮಳೆ ಹೊಡೆಯಿತು. ನಾಲ್ಕನೇ ದಿನ ಬೆಳಗ್ಗೆ ಎದ್ದವನೇ ಹಿಂದಿನ ಕೋಣೆಗೆ ಹೋಗಿ ಗೋಡೆಗೆ ಅಂಗೈ ಒತ್ತಿ ನೋಡಿದೆ. ತಣ್ಣಗಿತ್ತು, ಆದರೆ ಒಣಗಿತ್ತು. ಉಪ್ಪಿನ ಬಿಳಿ ಪುಡಿ ಇಲ್ಲ, ಒಂದು ಚಕ್ಕೆಯೂ ಉದುರಿಲ್ಲ. ಈ ಗೋಡೆ ನಿಲ್ಲಲ್ಲ, ಹಳೇ ಮನೆ ಬಾಡಿಗೆಗೆ ಹಿಡಿದು ರಿಪೇರಿ ಮಾಡಿಸುವ ನಿನ್ನ ಈ ವ್ಯವಹಾರವೂ ನಿಲ್ಲಲ್ಲ ಅಂತ ಊರಲ್ಲೂ ಇಲ್ಲೂ ತುಂಬಾ ಜನ ಹೇಳಿದ್ದರು. ನಿಂತಿದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ವೀಸಾ, ಪಿಎಂಎ ಕಂಪನಿ (ಹೊರಗಿನವರ ಬಂಡವಾಳದ ಕಂಪನಿ), ನೋಟಾರಿಸ್ (ಕಾಗದಪತ್ರ ಮಾಡಿಕೊಡುವ ನೋಟರಿ) ಇವೆಲ್ಲ ಇಂಡೋನೇಷ್ಯಾ ಕಡೆ ತಲೆಹಾಕಿದವರಿಗೆ ಗೊತ್ತಿರುತ್ತದೆ, ಬಿಡಿ. ನಾನು ಎಲ್ಲಿ ದುಡ್ಡು ಕಳೆದೆ, ಎಲ್ಲಿ ಉಳಿಸಿದೆ ಅಷ್ಟನ್ನೇ ಹೇಳುತ್ತೇನೆ. ಲೆಕ್ಕ ನೆನಪಿನಿಂದ ಹೇಳುವುದು, ಸ್ವಲ್ಪ ಆಚೀಚೆ ಇರಬಹುದು. ಜುತಾ ಅಂದರೆ ಹತ್ತು ಲಕ್ಷ ರುಪಿಯಾ, ನಮ್ಮ ಐದೂವರೆ ಸಾವಿರದ ಹತ್ತಿರ.

ಮೊದಲ ಪೆಟ್ಟು 2018ರಲ್ಲಿ, ಬಂಡಾದಲ್ಲಿ ಅಲ್ಲ, ಬೇರೆ ದ್ವೀಪದಲ್ಲಿ. ಸಮುದ್ರದ ಪಕ್ಕ ಜಾಗ, ಊರಿನವರೊಬ್ಬರ ಹೆಸರಲ್ಲಿ ಬರೆಸೋಣ, ಒಳಗೊಳಗೆ ಒಂದು ಕರಾರು ಮಾಡಿಕೊಳ್ಳೋಣ ಅಂತ ಒಬ್ಬ ದಲ್ಲಾಳಿ ಹೇಳಿದ. 60 ಜುತಾ ಅಡ್ವಾನ್ಸ್ ಕೊಟ್ಟೆ. ಮೂರು ಲಕ್ಷ ಚಿಲ್ಲರೆ. ಮತ್ತೆ ಅದರ ಮುಖ ನೋಡಲಿಲ್ಲ. 1960ರ ಭೂಮಿ ಕಾನೂನಿನಲ್ಲಿ ಹಕ್ ಮಿಲಿಕ್, ಅಂದರೆ ಜಾಗದ ಪೂರ್ತಿ ಒಡೆತನ, ಅವರ ದೇಶದವರಿಗೆ ಮಾತ್ರ. ಹೊರಗಿನವರಿಗೆ ಅದನ್ನು ದಾಟಿಸುವ ಕರಾರಿಗೆ ಕೋರ್ಟಿನಲ್ಲಿ ಬೆಲೆಯೇ ಇಲ್ಲ, ಹಾಗಾಗಿ ಕೇಸು ಹಾಕಲೂ ದಾರಿ ಇರಲಿಲ್ಲ. ಪಿಎಂಎ ಮಾಡೋಣ ಅಂದರೆ ಸಾವಿರ ಕೋಟಿ ರುಪಿಯಾ ಮೇಲಿನ ಹೂಡಿಕೆ ತೋರಿಸಬೇಕಿತ್ತು. ಅಂದರೆ ನಮ್ಮ ಐದೂವರೆ ಕೋಟಿಯ ಹತ್ತಿರ. ನನ್ನಂಥವನ ಕೈಗೆ ಎಟುಕುವ ಮಾತಲ್ಲ.

ಬಂಡಾಕ್ಕೆ ಬಂದದ್ದು 2019ರ ಅಕ್ಟೋಬರಿನಲ್ಲಿ, ಸುಮ್ನೆ ನೋಡೋಣ ಅಂತ. ನಮ್ಮದು ಶಿರಸಿ ಕಡೆ, ಅಡಿಕೆ ತೋಟದ ನಡುವೆ ನಲವತ್ತು ಜಾಯಿಕಾಯಿ ಮರ. ಒಂದು ಕಾಲದಲ್ಲಿ ಜಗತ್ತಿಗೆಲ್ಲ ಜಾಯಿಕಾಯಿ, ಜಾಪತ್ರೆ ಹೋಗುತ್ತಿದ್ದುದು ಈ ನಾಲ್ಕಾರು ಪುಟ್ಟ ದ್ವೀಪಗಳಿಂದಲೇ. ಅದಕ್ಕಾಗಿ 1621ರಲ್ಲಿ ಡಚ್ಚರು ಇಲ್ಲಿನ ಜನರನ್ನು ಕೊಂದು ತೋಟ ಕಿತ್ತುಕೊಂಡರು. ತೋಟದ ಮನೆಯಲ್ಲಿ ಹುಟ್ಟಿದವನಿಗೆ ಆ ಮರಗಳ ಕೆಳಗೆ ನಡೆಯುವಾಗ ಎದೆ ಭಾರವಾಗುತ್ತದೆ. ದೊಡ್ಡ ದೊಡ್ಡ ಕನಾರಿ ಮರಗಳ ನೆರಳಿನಲ್ಲಿ ಜಾಯಿಕಾಯಿ. ಕೊಯ್ಯುವುದು ನಮ್ಮ ದೋಟಿಯ ತುದಿಗೆ ಪುಟ್ಟ ಬುಟ್ಟಿ ಕಟ್ಟಿದಂಥ ಕೋಲಿನಲ್ಲಿ. ಒಂದು ಕಾಯಿಯೂ ನೆಲಕ್ಕೆ ಬಡಿಯುವುದಿಲ್ಲ.

ಅಕ್ಟೋಬರಿನಲ್ಲಿ ಸಮುದ್ರ ಕನ್ನಡಿ ಹಾಗೆ ಇತ್ತು. ಅಂಬೋನ್ ಪಟ್ಟಣದ ಹತ್ತಿರದ ತುಲೆಹು ಬಂದರಿನಿಂದ ಫಾಸ್ಟ್ ಬೋಟಿನಲ್ಲಿ ಆರು ಗಂಟೆ. ಅವತ್ತೇ ಮನೆ ಹಿಡಿಯುವ ಆಸೆ ಆಯಿತು, ಆದರೆ ಒಂದು ಸಲ ಕೈ ಸುಟ್ಟಿತ್ತಲ್ವಾ, ತಡೆದೆ. 2020ರ ಜನವರಿಯಲ್ಲಿ ಮತ್ತೆ ಬಂದೆ, ಬೇಕಂತಲೇ ಪಡುವಣ ಗಾಳಿಯ ಕಾಲದಲ್ಲಿ. ಫಾಸ್ಟ್ ಬೋಟ್ ಇಲ್ಲ, ಸಣ್ಣ ವಿಮಾನ ಇಲ್ಲ, ಸರ್ಕಾರಿ ಹಡಗು ಬಂದಾಗ ಬಂತು. ಹನ್ನೊಂದು ದಿನ ಸಿಕ್ಕಿಬಿದ್ದೆ. ಅಂಗಡಿಯಲ್ಲಿ ತರಕಾರಿ ಮುಗಿಯಿತು, ಮೊಟ್ಟೆ ಮುಗಿಯಿತು. ಅನ್ನ, ಒಣಮೀನು, ಮೆಣಸಿನಕಾಯಿ. ಹಾಗಿದ್ದೂ ನನಗೆ ಬೇಜಾರಾಗಲಿಲ್ಲ. ಯಾರೇ ಕೇಳಿದರೂ ನಾನು ಹೇಳುವುದು ಇಷ್ಟೇ: ಗಾಳಿಯ ಕಾಲದಲ್ಲಿ ಹತ್ತು ದಿನ ಇದ್ದು ನೋಡಿ, ಆಮೇಲೆ ಪರ್ಸು ತೆಗೆಯಿರಿ.

ಕೊರೋನಾ ಮುಗಿದು 2022ರಲ್ಲಿ ಮನೆ ಸಿಕ್ಕಿತು. ಡಚ್ಚರ ಕಾಲದ ಮನೆ, ದಪ್ಪ ಗೋಡೆ, ಮುಂದೆ ಕಂಬದ ಜಗುಲಿ, ಎದುರಿಗೇ ಗುನುಂಗ್ ಅಪಿ ಬೆಟ್ಟ. 1988ರಲ್ಲಿ ಬೆಂಕಿ ಉಗುಳಿದ ಬೆಟ್ಟ ಅದು, ಈಗ ಸುಮ್ಮನಿದೆ. ಮನೆಯ ಒಡತಿ ಇಬು (ಇಲ್ಲಿ ಹಿರಿಯ ಹೆಂಗಸರನ್ನು ಹಾಗೆ ಕರೆಯುತ್ತಾರೆ, ನಮ್ಮ ಅಮ್ಮ ಅಂದ ಹಾಗೆ) ಹಿಂದಿನ ಭಾಗದಲ್ಲಿ ವಾಸ. ನಾನು ಕೊಳ್ಳಲಿಲ್ಲ, ಹತ್ತು ವರ್ಷಕ್ಕೆ ಬಾಡಿಗೆಗೆ ಹಿಡಿದೆ. 150 ಜುತಾ, ಎರಡೆರಡು ವರ್ಷದ್ದು ಐದು ಕಂತಿನಲ್ಲಿ. ನಾನು ಮಾಡಿಸುವ ರಿಪೇರಿ ಬಾಡಿಗೆಯಲ್ಲಿ ವಜಾ. ಜಗುಲಿ ಪಕ್ಕದ ನಾಲ್ಕು ಕೋಣೆಗಳನ್ನು ಇಬು ತಮ್ಮ ಹೆಸರಲ್ಲೇ, ತಮ್ಮ ಲೈಸೆನ್ಸಿನಲ್ಲೇ ಪ್ರವಾಸಿಗಳಿಗೆ ಕೊಡುತ್ತಾರೆ. ಆ ದುಡ್ಡಿಗೆ ನಾನು ಕೈ ಹಾಕುವುದಿಲ್ಲ. ನನಗೆ ಉಳಿಯುವುದು ಬಾಡಿಗೆ ಕಡಿತ. ಇದೆಂಥ ಇನ್ವೆಸ್ಟ್‌ಮೆಂಟ್ ಅಂತ ತಮ್ಮ ಕೇಳಿದ. ಮನೆ ಚೆನ್ನಾಗಿದ್ದರೆ ಇಬುಗೂ ಲಾಭ, ನನಗೂ ಲಾಭ. ಹಾಗಾಗಿ ಯಾರೂ ಯಾರನ್ನೂ ಓಡಿಸುವುದಿಲ್ಲ.

ಸಹಿ ಹಾಕಿಸುವುದಕ್ಕೇ ಹದಿನಾಲ್ಕು ತಿಂಗಳು ಹೋಯಿತು. ಇಬು ಒಬ್ಬರ ಸಹಿ ಸಾಕು ಅಂತ ಎಲ್ಲರೂ ಹೇಳಿದರು. ನಾನು ಒಪ್ಪಲಿಲ್ಲ. ಅದು ಅಪ್ಪನ ಮನೆ, ಏಳು ಮಕ್ಕಳು, ಅಂಬೋನಿನಲ್ಲಿ ಮೂವರು, ಮಕಾಸ್ಸರಿನಲ್ಲಿ ಒಬ್ಬರು, ಜಕಾರ್ತದಲ್ಲಿ ಇಬ್ಬರು. ಏಳೂ ಜನರ ಸಹಿ ನೋಟಾರಿಸ್ ಎದುರಿಗೆ ಆಗಲೇಬೇಕು ಅಂದೆ. ನಮ್ಮೂರಿನ ಹಿಸ್ಸೆ ಜಗಳ ನೋಡಿ ಬೆಳೆದದ್ದು ಇಲ್ಲಿ ಉಪಯೋಗಕ್ಕೆ ಬಂತು. ಕಳೆದ ವರ್ಷ ಜಕಾರ್ತದ ಒಬ್ಬರು ಮನೆ ಮಾರೋಣ ಅಂತ ಎದ್ದಾಗ ಆ ಕಾಗದವೇ ನನ್ನನ್ನು ಉಳಿಸಿದ್ದು.

ಇನ್ನು ಗೋಡೆ. ಹಳೇ ಗಾರೆ ಉದುರಿತ್ತು, 2023ರಲ್ಲಿ ಮೇಸ್ತ್ರಿ ಹೇಳಿದ ಹಾಗೆ ಸಿಮೆಂಟ್ ಬಳಿಸಿದೆ. 35 ಜುತಾ. ನಾಲ್ಕೇ ತಿಂಗಳಿಗೆ ಗುಳ್ಳೆ ಎದ್ದಿತು, ಬೆರಳಿಂದ ತಟ್ಟಿದರೆ ಟೊಳ್ಳು ಸದ್ದು, ಒಳಗೆ ಒದ್ದೆ ಉಪ್ಪು. ಹವಳದ ಕಲ್ಲು, ಸುಣ್ಣದ ಗೋಡೆ ಉಸಿರಾಡಬೇಕು, ಸಿಮೆಂಟ್ ಅದರ ಬಾಯಿ ಕಟ್ಟುತ್ತದೆ. ಈ ಖರ್ಚನ್ನು ಇಬು ವಜಾಕ್ಕೆ ಒಪ್ಪಲಿಲ್ಲ, ಅದು ನ್ಯಾಯವೇ. ಅಷ್ಟನ್ನೂ ಕೆತ್ತಿಸಿ, ಸಿಹಿನೀರಿನಲ್ಲಿ ತೊಳೆಸಿ, ಮೂರು ತಿಂಗಳು ಹಾಗೇ ಒಣಗಲು ಬಿಟ್ಟೆ. ಆಮೇಲೆ ಅಜ್ಜನ ಮನೆಯ ಗಾರೆ ನೆನಪಾಯಿತು, ಸುಣ್ಣಕ್ಕೆ ಬೆಲ್ಲ, ಅಳಲೆಕಾಯಿ ಸೇರಿಸಿ ಮಾಡುತ್ತಿದ್ದುದು. ಅಂಬೋನಿನಿಂದ ಚೀಲದ ಸುಣ್ಣ ತರಿಸಿ ಡ್ರಮ್ಮಿನಲ್ಲಿ ನೀರಿನಡಿ ತಿಂಗಳುಗಟ್ಟಲೆ ಇಟ್ಟೆ. ಬೆಲ್ಲದ ಬದಲು ಇಲ್ಲಿನ ಗುಲಾ ಮೆರಾ, ಅಂದರೆ ತಾಳೆ ಜಾತಿಯ ಮರದ ಬೆಲ್ಲ. ಅಳಲೆಕಾಯಿ ಊರಿಂದ ತರಲಿಲ್ಲ, ಅದರ ಜಾಗಕ್ಕೆ ಇಲ್ಲಿನ ಇನ್ನೊಂದು ಕಾಯಿ ಹಾಕಿದೆ. ಅದು ಯಾವುದು, ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ, ಮೂರು ಸಲ ಹಾಳು ಮಾಡಿ ಕಲಿತದ್ದು. ಈಗ ಪಕ್ಕದ ಇಬ್ಬರು ತಮ್ಮ ಗೋಡೆಗೂ ಮಾಡಿಕೊಡಿ ಅಂತ ಕೇಳುತ್ತಿದ್ದಾರೆ.

ನಡುವೆ ಕಸಿ ಕಟ್ಟುವ ಹುಚ್ಚೂ ಹತ್ತಿತು. ಇಲ್ಲಿ ಬೀಜದ ಗಿಡ ನೆಟ್ಟು, ಆರೇಳು ವರ್ಷ ಕಾದು, ಹೂ ಬಿಟ್ಟಮೇಲೆ ಕಾಯಿ ಬಿಡದ ಗಂಡು ಮರ ಜಾಸ್ತಿ ಇದ್ದರೆ ಕಡಿಯುತ್ತಾರೆ. ಪರಿಚಯದವರ ತೋಟದಲ್ಲಿ ಹೆಣ್ಣು ಮರದ ಕುಡಿ ತೆಗೆದು ಮೂವತ್ತು ಕಸಿ ಕಟ್ಟಿದೆ. ಬದುಕಿದ್ದು ನಾಲ್ಕು. ಉಪ್ಪುಗಾಳಿ. ಎರಡನೇ ಸಲ ಜಾಗ ಬದಲಿಸಿ, ಕವರು ಕಟ್ಟಿ, ಇಪ್ಪತ್ತರಲ್ಲಿ ಹನ್ನೊಂದು ಚಿಗುರಿದವು. ಜಾಯಿಕಾಯಿ ಸಿಪ್ಪೆಯ ಉಪ್ಪಿನಕಾಯಿಯೂ ಹಾಕಿದೆ. ಇವರು ಸಿಪ್ಪೆಯಲ್ಲಿ ಹೆಚ್ಚಾಗಿ ಸಿಹಿ ಮಾಡುತ್ತಾರೆ, ಜ್ಯಾಮ್, ಸಕ್ಕರೆ ಹಾಕಿ ಒಣಗಿಸಿದ ಹೋಳು. ನಮ್ಮ ಖಾರದ ಉಪ್ಪಿನಕಾಯಿ ಇಬು ಮೀನಿನ ಜೊತೆ ಎರಡು ವಾರದಲ್ಲಿ ಖಾಲಿ ಮಾಡಿದರು.

ಲೆಕ್ಕ ಕೇಳುವವರಿಗೆ: 150 ಜುತಾದಲ್ಲಿ 90ರಷ್ಟು ಗೋಡೆ, ಮಾಡು, ಮಳೆನೀರಿನ ಟ್ಯಾಂಕು, ಸೋಲಾರಿಗೆ ವಜಾ ಆಗುತ್ತಿದೆ. ಸಿಮೆಂಟಿನ ದಂಡ ಸೇರಿಸಿದರೂ ಹತ್ತು ವರ್ಷಕ್ಕೆ ಹತ್ತು ಲಕ್ಷ ರೂಪಾಯಿ, ತಿಂಗಳಿಗೆ ಎಂಟು ಸಾವಿರ ಚಿಲ್ಲರೆ. ಬೆಂಗಳೂರಿನಲ್ಲಿ ಒಂದು ಕೋಣೆಗೆ ಅದಕ್ಕಿಂತ ಜಾಸ್ತಿ ಕೊಡುತ್ತಿದ್ದೆ. ಕೆಲಸ ಆನ್‌ಲೈನಿನದು. 2024ರಲ್ಲಿ ಸ್ಟಾರ್‌ಲಿಂಕ್ ಇಂಡೋನೇಷ್ಯಾಕ್ಕೆ ಬಂದಮೇಲೆ ಆ ಚಿಂತೆಯೂ ಹೋಯಿತು. ಆದರೆ ಇನ್ವರ್ಟರನ್ನು ಸಮುದ್ರದ ಕಡೆಯ ಗೋಡೆಗೆ ಹಾಕಬೇಡಿ. ನನ್ನದು ಎಂಟು ತಿಂಗಳಿಗೆ ತುಕ್ಕು ತಿಂದು ಸತ್ತಿತು. ಗಂಭೀರ ಕಾಯಿಲೆ ಬಂದರೆ ಅಂಬೋನಿಗೇ ಹೋಗಬೇಕು, ಅದೂ ಸಮುದ್ರ ದಾರಿ ಬಿಟ್ಟುಕೊಟ್ಟರೆ ಮಾತ್ರ. ಅದಕ್ಕೇ ಅಪ್ಪ ಅಮ್ಮನನ್ನು ಏಪ್ರಿಲ್ ಬಿಟ್ಟು ಬೇರೆ ತಿಂಗಳಲ್ಲಿ ಕರೆಸುವುದಿಲ್ಲ.

ಮುಂದಿನ ಮಾರ್ಚಿಗೆ ಗಾಳಿ ಇಳಿದಾಗ ಜಗುಲಿಯ ಕಂಬಗಳ ಸರದಿ. ನಲವತ್ತು ಚೀಲ ಸುಣ್ಣ ಹೇಳಿ ಇಟ್ಟಿದ್ದೇನೆ. ಇಬು ಹಿತ್ತಲಿನಲ್ಲಿ ಡ್ರಮ್ ಇಡಲು ಈಗಲೇ ಜಾಗ ಖಾಲಿ ಮಾಡಿಸಿದ್ದಾರೆ.