ಹಿಂದಕ್ಕೆ ಹೆಜ್ಜೆ ಇಡುವುದನ್ನು ಮರೆತ ಕಥೆ

ಮಂಡ್ಯದ ಶಾಲೆಯಲ್ಲಿ ನಾನು ಕಬಡ್ಡಿ ರೈಡರ್. ಎದುರಾಳಿಗಳ ಅಂಕಣಕ್ಕೆ ನುಗ್ಗುವುದು, ಒಬ್ಬನನ್ನು ಮುಟ್ಟುವುದು, ಹಿಂದಕ್ಕೆ ಜಿಗಿದು ಗೆರೆ ಸೇರುವುದು. 1996ರಲ್ಲಿ ಅಪ್ಪನಿಗೆ ಅಮೆರಿಕದ ಡೆಟ್ರಾಯಿಟ್ ಬಳಿ ಕೆಲಸ ಸಿಕ್ಕಿತು. ಆಗ ನನಗೆ ಹದಿಮೂರು. ಮರುವರ್ಷ ಆ ಊರಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಹೆಸರು: ಅಮೆರಿಕನ್ ಫುಟ್‌ಬಾಲ್ ಆಡುವ ಡೆಟ್ರಾಯಿಟ್ ಲಯನ್ಸ್ ತಂಡದ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವವ, ಬ್ಯಾರಿ ಸ್ಯಾಂಡರ್ಸ್. ಆ ಒಂದೇ ಋತುವಿನಲ್ಲಿ ಚೆಂಡು ಹಿಡಿದು 2,053 ಗಜ ಓಡಿದ. ಎತ್ತರ ಬರೀ ಐದಡಿ ಎಂಟಂಗುಲ. ಹಿಡಿಯಲು ಬಂದವನ ಮುಂದೆ ಗಕ್ಕನೆ ನಿಂತು, ಒಂದು ಕಡೆಗೆ ವಾಲಿ, ಬೇಕಾದರೆ ಹಿಂದಕ್ಕೂ ಓಡಿ, ಇನ್ನೊಂದು ಕಡೆಯಿಂದ ಜಾರಿಕೊಳ್ಳುತ್ತಿದ್ದ. ಇದು ನಮ್ಮ ಕಬಡ್ಡಿಯೇ ಅಂದುಕೊಂಡು ಶಾಲೆಯ ತಂಡಕ್ಕೆ ಸೇರಿದೆ.

ಮೊದಲ ಪಂದ್ಯದಲ್ಲಿ ಆರು ಸಲ ಚೆಂಡು ಕೈಗೆ ಬಂತು. ಒಟ್ಟು ಗಳಿಕೆ ಮೈನಸ್ ನಾಲ್ಕು ಗಜ.

ಈ ಆಟದಲ್ಲಿ ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಹೋಗದಿದ್ದರೆ ಚೆಂಡು ಎದುರಾಳಿಯ ಪಾಲು. ಕಬಡ್ಡಿಯಲ್ಲಿ ಹಿಂದಕ್ಕೆ ಹೋದರೆ ಪ್ರಾಣ ಉಳಿಯುತ್ತದೆ. ಇಲ್ಲಿ ಹಿಂದಕ್ಕೆ ಹೋದದ್ದೆಲ್ಲ ತಂಡದ ಸಾಲ. ಕೋಚ್ ಕರೆದು ಹೇಳಿದರು: "ಬ್ಯಾರಿ ಹಿಂದಕ್ಕೆ ಹೋದರೆ ಎಂಬತ್ತು ಗಜ ಓಡಿ ಬರುತ್ತಾನೆ. ನೀನು ಹೋದರೆ ಅಲ್ಲೇ ಬಿದ್ದಿರುತ್ತೀಯ. ನನಗೆ ಮೂರು ಗಜ ಕೊಡು, ಸಾಕು." ಡಲ್ಲಾಸ್ ತಂಡದ ಎಮಿಟ್ ಸ್ಮಿತ್‌ನ ಆಟದ ಒಂದು ವಿಡಿಯೊ ಕ್ಯಾಸೆಟ್ ಕೊಟ್ಟು ಕಳಿಸಿದರು. ನೋಡಿ ಬೇಸರವಾಯಿತು. ನಾಲ್ಕು ಗಜ, ಮೂರು ಗಜ, ಐದು ಗಜ, ಗುಮಾಸ್ತನ ಹಾಗೆ. ಅದೇ ಗುಮಾಸ್ತ ತನ್ನ ಆಟದ ಬದುಕಿನಲ್ಲಿ ಒಟ್ಟು 18,355 ಗಜ ಕೂಡಿಸಿದ. ಆ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ.

ಕಷ್ಟವಾದದ್ದು ಕಾಲನ್ನು ತಿದ್ದುವುದಲ್ಲ, ಕಣ್ಣನ್ನು ತಿದ್ದುವುದು. ರೈಡರ್ ನೋಡುವುದು ಎದುರಾಳಿಯ ಕೈಕಾಲು. ರನ್ನಿಂಗ್ ಬ್ಯಾಕ್ ನೋಡಬೇಕಾದದ್ದು ತನ್ನವನ ಬೆನ್ನನ್ನು. ಮುಂದೆ ದಾರಿ ಬಿಡಿಸುವ ನಮ್ಮ ಗಾರ್ಡ್ ಎದುರಾಳಿಯನ್ನು ಹೊರಕ್ಕೆ ನೂಕುತ್ತಿದ್ದಾನೆಯೇ? ಹಾಗಾದರೆ ಅವನ ಬೆನ್ನು ಸವರಿಕೊಂಡು ಒಳಗೆ ನುಗ್ಗು. ಒಳಕ್ಕೆ ನೂಕುತ್ತಿದ್ದಾನೆಯೇ? ಹೊರಗಿನಿಂದ ಹೋಗು. ದಿಕ್ಕು ಬದಲಿಸುವುದು ಒಂದೇ ಸಲ. ಸಂದಿ ತೆರೆಯುವ ಮುಂಚೆ ಓಡಿದರೆ ನಮ್ಮವನ ಬೆನ್ನಿಗೇ ಡಿಕ್ಕಿ. ಆ ಅರೆಕ್ಷಣ ಕಾಯುವುದನ್ನು ಕಲಿಯಲು ನನಗೆ ಒಂದು ಇಡೀ ವರ್ಷ ಹಿಡಿಯಿತು.

ಚೆಂಡು ಹಿಡಿಯುವುದೂ ಒಂದು ವಿದ್ಯೆ. ಒಂದು ತುದಿಯ ಮೇಲೆ ಬೆರಳುಗಳು, ಇನ್ನೊಂದು ತುದಿ ತೋಳಿನ ಸಂದಿಯಲ್ಲಿ, ಚೆಂಡು ಪಕ್ಕೆಲುಬಿಗೆ ಒತ್ತಿರಬೇಕು. ಎರಡು ಸಲ ಚೆಂಡು ಬೀಳಿಸಿದ್ದಕ್ಕೆ ಒಂದು ವಾರ ಅದನ್ನು ಕಂಕುಳಲ್ಲಿಟ್ಟುಕೊಂಡೇ ತರಗತಿಗೆ ಹೋಗಬೇಕಾಯಿತು. ಯಾರು ಬೇಕಾದರೂ ಬಡಿದು ಬೀಳಿಸಬಹುದಿತ್ತು. ಮನೆಯಲ್ಲಿ ಒಂದು ಕೈಯಲ್ಲಿ ಅನ್ನ ಸಾರು ಉಣ್ಣುತ್ತಿದ್ದರೆ ಅಪ್ಪ ಹಿಂದಿನಿಂದ ಬಂದು ಚೆಂಡಿಗೆ ಗುದ್ದುತ್ತಿದ್ದರು. "ಮುಸುರೆ ಕೈಯಲ್ಲಿ ಅದನ್ನು ಮುಟ್ಟಬೇಡ" ಎನ್ನುವುದಷ್ಟೇ ಅಮ್ಮನ ಚಿಂತೆ.

ಇನ್ನು ಪ್ರೇಕ್ಷಕರ ಕಣ್ಣಿಗೆ ಬೀಳದ ಕೆಲಸವೊಂದಿದೆ. ನಮ್ಮ ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವಾಗ ಅವನ ಮೇಲೆ ನುಗ್ಗಿ ಬರುವ ಎದುರಾಳಿ ಲೈನ್‌ಬ್ಯಾಕರ್‌ನನ್ನು ತಡೆಯುವವನು ರನ್ನಿಂಗ್ ಬ್ಯಾಕ್. ಆ ಎದುರಾಳಿ ನನಗಿಂತ ಇಪ್ಪತ್ತು ಕಿಲೊ ಹೆಚ್ಚು. ಮೊಣಕಾಲು ಮಡಿಸಿ, ಅವನ ಎದೆಯ ಕೆಳಗೆ ಸೇರಿ, ಎರಡು ಸೆಕೆಂಡು ನಿಲ್ಲಬೇಕು. ವೃತ್ತಿಪರ ಲೀಗ್‌ನಲ್ಲೂ ಎಷ್ಟೋ ವೇಗದ ಹುಡುಗರು ಇದು ಬಾರದ್ದಕ್ಕೇ ಬೆಂಚಿನಲ್ಲಿ ಕೂರುತ್ತಾರೆ.

1999ರ ಜುಲೈನಲ್ಲಿ ಬ್ಯಾರಿ ತನ್ನ ಹುಟ್ಟೂರು ವಿಚಿಟಾದ ಪತ್ರಿಕೆಗೆ ಒಂದು ಫ್ಯಾಕ್ಸ್ ಕಳಿಸಿ ನಿವೃತ್ತನಾದ. ಹತ್ತು ಋತು, 15,269 ಗಜ. ವಾಲ್ಟರ್ ಪೇಟನ್‌ನ ಒಟ್ಟು ಗಜಗಳ ಅಂದಿನ ದಾಖಲೆ ಮುಟ್ಟಲು ಬೇಕಿದ್ದದ್ದು ಇನ್ನು 1,457 ಗಜ, ಅವನ ಕಾಲಿಗೆ ಒಂದು ವರ್ಷದ ಕೆಲಸ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗೋಡೆಯ ಮೇಲಿದ್ದ ಅವನ ಚಿತ್ರವನ್ನು ಕಿತ್ತುಹಾಕಿದೆ.

ಶಾಲೆಯ ಕೊನೆಯ ವರ್ಷ ನನ್ನ ಎಡ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಯಾರೂ ಮುಟ್ಟಿರಲಿಲ್ಲ, ಓಡುತ್ತಿದ್ದವನು ತಿರುಗಿದೆ, ಅಷ್ಟೇ. ಕಾಲೇಜಿನಲ್ಲಿ ಎರಡೂ ಮೊಣಕಾಲಿಗೆ ಇದೇ ಗತಿಯಾದ ರನ್ನಿಂಗ್ ಬ್ಯಾಕ್ ಫ್ರಾಂಕ್ ಗೋರ್ ಆಮೇಲೆ ವೃತ್ತಿಪರ ಲೀಗ್‌ನಲ್ಲಿ 16 ಋತು ಆಡಿ ಸರಿಯಾಗಿ 16,000 ಗಜ ಓಡಿದ. ನನಗೆ ಅಂಥ ಹಟವೂ ಇರಲಿಲ್ಲ, ಅಂಥ ಕಾಲೂ ಇರಲಿಲ್ಲ. ಆಸ್ಪತ್ರೆಯಿಂದ ಬಂದ ವಾರ ಬ್ಯಾರಿಯ ಚಿತ್ರವನ್ನು ಹುಡುಕಿ ಮತ್ತೆ ಅಂಟಿಸಿದೆ.

ಕೋಚ್ ನನ್ನ ಲೆಕ್ಕದ ಹಾಳೆಯನ್ನು ಮನೆಗೆ ತಂದುಕೊಟ್ಟರು. ಒಂದು ಓಟಕ್ಕೆ ಸರಾಸರಿ 3.4 ಗಜ. ಆ ಮೈನಸ್ ನಾಲ್ಕನ್ನೂ ಸೇರಿಸಿಯೇ ಲೆಕ್ಕ ಹಾಕಿದ್ದರು.