ಬಂಡೀಪುರದ ಹಸಿರನ್ನು ಉಪಗ್ರಹ ಚಿತ್ರದಲ್ಲಿ ಓದಲು ಕಲಿಸುವುದು ಹೇಗೆ?

ಪ್ರೌಢಶಾಲೆಯ ಮಕ್ಕಳ ಮುಂದೆ ಬಂಡೀಪುರದ ಎರಡು ಉಪಗ್ರಹ ಚಿತ್ರಗಳನ್ನಿಡಿ. ಒಂದು ನವೆಂಬರ್ ತಿಂಗಳದ್ದು, ಇನ್ನೊಂದು ಮಾರ್ಚ್‌ನದು. ‘ಕಾಡೆಲ್ಲ ನಾಶವಾಗಿದೆ’ ಎಂದು ಬಹುತೇಕರು ಬರೆಯುತ್ತಾರೆ. ನಿಜಕ್ಕೂ ಆಗಿರುವುದಿಷ್ಟೇ: ಅದು ಎಲೆ ಉದುರಿಸುವ ಕಾಡು, ಬೇಸಿಗೆ ಬಂದಿದೆ. ಈ ಆತುರದ ತೀರ್ಪನ್ನು ತಡೆಯುವುದೇ ಪಾಠದ ಮುಕ್ಕಾಲು ಭಾಗ. ಉಳಿದ ಕಾಲು ಭಾಗವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ.

ಬೇಕಾದದ್ದು ಇಂಟರ್ನೆಟ್ ಇರುವ ಒಂದು ಕಂಪ್ಯೂಟರ್ ಮತ್ತು ನೋಟ್‌ಬುಕ್. 2015ರಿಂದ ಈಚಿನ, ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ಅತಿ ಸ್ಪಷ್ಟವಾದವುಗಳ ಒಂದೊಂದು ಚುಕ್ಕೆಯೂ ನೆಲದ ಮೇಲಿನ 10 ಮೀಟರ್ ಚೌಕ. 1980ರ ದಶಕಕ್ಕೆ ಹೋಗಬೇಕಿದ್ದರೆ ಅಮೆರಿಕದ ಲ್ಯಾಂಡ್‌ಸ್ಯಾಟ್ ಇದೆ, ಚುಕ್ಕೆ ಮಾತ್ರ 30 ಮೀಟರ್.

ಮೊದಲು ಎಲೆಯ ಪಾಠ. ಪತ್ರಹರಿತ್ತು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಎಲೆಯ ಒಳರಚನೆ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಸಾಕಷ್ಟು ಹಿಂದಕ್ಕೆ ಕಳಿಸುತ್ತದೆ. ಹಿಂದಿರುಗಿದ ಅವಗೆಂಪಿನ ಪ್ರಮಾಣದಿಂದ ಕೆಂಪಿನದನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಬರುವ ಹಸಿರಿನ ಅಳತೆಯೇ ಎನ್‌ಡಿವಿಐ. ಲೆಕ್ಕವನ್ನು ಕರಿಹಲಗೆಯ ಮೇಲೆಯೇ ಮಾಡಿಸಿ. ಅವಗೆಂಪು 0.40, ಕೆಂಪು 0.05 ಇದ್ದರೆ ಉತ್ತರ ಸುಮಾರು 0.78, ದಟ್ಟ ಹಸಿರು. 0.25 ಮತ್ತು 0.15 ಇದ್ದರೆ 0.25, ಒಣಗಿದ ನೆಲ. ನೀರಿನ ಮೇಲೆ ಸಾಮಾನ್ಯವಾಗಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಕೈಯಾರೆ ಲೆಕ್ಕ ಹಾಕಿದ ಮಕ್ಕಳಿಗೆ ಪರದೆಯ ಮೇಲಿನ ಹಸಿರು ಬರಿಯ ಬಣ್ಣವಾಗಿ ಉಳಿಯುವುದಿಲ್ಲ.

ಮುಂದಿನದು ದಿನಾಂಕದ ಆಯ್ಕೆ. ಮುಂಗಾರಿನಲ್ಲಿ ಮೋಡ ಬಿಟ್ಟು ಬೇರೇನೂ ಕಾಣದು. ಬೇರೆ ಬೇರೆ ವರ್ಷಗಳ ಅದೇ ತಿಂಗಳ, ಸಾಧ್ಯವಾದರೆ ಅದೇ ವಾರದ, ಮೋಡವಿಲ್ಲದ ಚಿತ್ರಗಳನ್ನೇ ಹೋಲಿಸಬೇಕು. ಆ ವರ್ಷಗಳ ಮಳೆ ಎಷ್ಟಿತ್ತೆಂಬುದನ್ನೂ ಪಕ್ಕದಲ್ಲಿ ಬರೆಸಿ. ಬರಗಾಲದ ಫೆಬ್ರುವರಿಯನ್ನು ಒಳ್ಳೆಯ ಮಳೆಯ ಫೆಬ್ರುವರಿಯೊಂದಿಗೆ ಹೋಲಿಸಿದರೆ ತಿಂಗಳು ಒಂದೇ ಇದ್ದರೂ ಎಡವುತ್ತೇವೆ.

ಈಗ ನಿಜವಾದ ಪರೀಕ್ಷೆ. 2019ರ ಫೆಬ್ರುವರಿಯ ಕೊನೆಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತಮುತ್ತ ಕಾಡಿಗೆ ಬೆಂಕಿ ಬಿತ್ತು. ನಂದಿಸಲು ವಾಯುಪಡೆಯ ಹೆಲಿಕಾಪ್ಟರ್‌ಗಳೂ ಬಂದವು. ಬೆಂಕಿಗೆ ಮುಂಚಿನ ಮತ್ತು ನಂತರದ ಚಿತ್ರಗಳನ್ನು ಎನ್‌ಡಿವಿಐಯಲ್ಲಿ ತೆರೆಯಿರಿ. ಸುಟ್ಟ ಜಾಗದ ಗುರುತು ಅಷ್ಟು ಸ್ಪಷ್ಟವಾಗಿರುವುದಿಲ್ಲ. ಏಕೆ? ಉತ್ತರ ಮಕ್ಕಳಿಂದಲೇ ಬರಲಿ: ಬೆಂಕಿ ಬೀಳುವ ಹೊತ್ತಿಗೆ ಬಹಳಷ್ಟು ಮರಗಳಲ್ಲಿ ಎಲೆಯೇ ಇರಲಿಲ್ಲ, ಹುಲ್ಲೂ ಒಣಗಿತ್ತು. ಆಮೇಲೆ ಅದೇ ತಾಣದಲ್ಲಿ ‘ಎಸ್‌ಡಬ್ಲ್ಯುಐಆರ್’ ಎಂಬ ನೋಟಕ್ಕೆ ಬದಲಿಸಿ. ಇನ್ನೂ ಉದ್ದ ತರಂಗದ ಅವಗೆಂಪಿನಲ್ಲಿ ಸುಟ್ಟ ನೆಲ ಸುತ್ತಲಿನದರಿಂದ ಬೇರೆಯಾಗಿ ಎದ್ದು ಕಾಣುತ್ತದೆ. ಯಾವ ಪ್ರಶ್ನೆಗೆ ಯಾವ ಬೆಳಕು ಎಂಬುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅದೇ ಜಾಗವನ್ನು ಆ ವರ್ಷದ ಅಕ್ಟೋಬರ್-ನವೆಂಬರ್‌ನಲ್ಲಿ ನೋಡಿಸಿ. ಎನ್‌ಡಿವಿಐ ಏರಿರುತ್ತದೆ. ‘ಕಾಡು ಮರಳಿ ಬಂತು’ ಎಂದು ಯಾರಾದರೂ ಬರೆದರೆ ನಿಲ್ಲಿಸಿ. ಬಂಡೀಪುರದಲ್ಲಿ ಲಂಟಾನ ಎಂಬ ಕಳೆಪೊದೆ ಹಬ್ಬಿದೆ, ಸುಟ್ಟ ಮೇಲೂ ಬುಡದಿಂದ ಚಿಗುರುತ್ತದೆ. ಅದರ ಹಸಿರಿಗೂ ಮತ್ತಿಮರದ ಹಸಿರಿಗೂ ಈ ಸಂಖ್ಯೆ ಭೇದ ಮಾಡುವುದಿಲ್ಲ.

ಆದ್ದರಿಂದ ಕೊನೆಯ ಹಂತ ಕಾಲ್ನಡಿಗೆಯದು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಮಕ್ಕಳನ್ನು ಕರೆದೊಯ್ಯಲು ಅರಣ್ಯ ಇಲಾಖೆಯ ಅನುಮತಿ ಬೇಕು; ಊರಿನ ಕೆರೆ ಅಂಗಳ, ಗೋಮಾಳ, ನೀಲಗಿರಿ ತೋಪುಗಳಾದರೆ ಕಷ್ಟವಿಲ್ಲ. ಚಿತ್ರದಲ್ಲಿ ಹಸಿರು ಇಳಿದ ನಾಲ್ಕಾರು ಜಾಗಗಳನ್ನು ಗುರುತಿಸಿ, ಅಕ್ಷಾಂಶ-ರೇಖಾಂಶ ಬರೆದುಕೊಂಡು, ಮೊಬೈಲ್ ಹಿಡಿದು ಹೋಗಿ. ತೋಪು ಕಡಿದರೇ, ಬೋರ್‌ವೆಲ್ ಬತ್ತಿತೇ, ರಾಗಿ ಕಟಾವು ಈ ಸಲ ಬೇಗ ಆಯಿತೇ ಎಂದು ಆ ಜಮೀನಿನವರನ್ನೇ ಕೇಳಲಿ. ನೋಟ್‌ಬುಕ್ಕಿನಲ್ಲಿ ‘ಕಂಡದ್ದು’, ‘ಕಾರಣ’ ಎಂದು ಎರಡು ಕಾಲಂ ಇರಲಿ. ಎರಡನೆಯದನ್ನು ಖಾಲಿ ಬಿಟ್ಟವರಿಗೂ ಅಂಕ ಕೊಡಿ. ಊಹೆಯಿಂದ ತುಂಬಿದವರಿಗೆ ಬೇಡ.