ಕಾಫಿ ಎಲೆಯ ತುಕ್ಕನ್ನು ಕಂಪ್ಯೂಟರಿಗೆ ಗುರುತಿಸಿಕೊಡುವುದು ಹೇಗೆ?

ಎಲೆಯ ಫೋಟೊ ನೋಡಿ ರೋಗದ ಹೆಸರು ಹೇಳುವ ಮೊಬೈಲ್ ಆ್ಯಪ್‌ಗಳು ಈಗ ಬೆಳೆಗಾರರ ಕೈಗೆ ಬಂದಿವೆ. ಅವುಗಳ ಹಿಂದಿರುವ ಯಂತ್ರಕಲಿಕೆಯ ಮಾದರಿಗೆ, ಅಂದರೆ ಉದಾಹರಣೆಗಳಿಂದ ಕಲಿಯುವ ಪ್ರೋಗ್ರಾಂಗೆ, ಈ ಅರಿವು ತಾನಾಗಿ ಹುಟ್ಟುವುದಿಲ್ಲ. ಸಾವಿರಾರು ಚಿತ್ರಗಳನ್ನು ಒಂದೊಂದಾಗಿ ತೆರೆದು, ಇದು ಎಲೆ, ಇದು ತುಕ್ಕು, ಇದು ಬರಿಯ ಕೆಸರಿನ ಕಲೆ ಎಂದು ಯಾರಾದರೂ ಗೆರೆ ಎಳೆದು ತೋರಿಸಿಕೊಟ್ಟಿರಬೇಕು. ಅನೊಟೇಷನ್ ಎನ್ನಲಾಗುವ ಈ ಕೆಲಸಕ್ಕೆ ಬೇಕಾದ ಉತ್ತಮ ತಂತ್ರಾಂಶಗಳಲ್ಲಿ ಹಲವು ಓಪನ್ ಸೋರ್ಸ್ ಆಗಿದ್ದು, ಅವುಗಳನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಂಡು ಬಳಸಬಹುದು. ಹಾಗಿರುವಾಗ ಈ ಕೆಲಸವನ್ನು ಗಿಡವನ್ನೇ ನೋಡದವರಿಗೆ ಒಪ್ಪಿಸದೆ, ತೋಟದ ಮಾಲೀಕರು, ತೋಟದ ಕೆಲಸ ನೋಡಿಕೊಳ್ಳುವ ರೈಟರ್‌ಗಳು, ಕೃಷಿ ಕಾಲೇಜುಗಳ ವಿದ್ಯಾರ್ಥಿಗಳು ತಾವೇ ಕೈಗೆತ್ತಿಕೊಳ್ಳುವುದು ಒಳಿತೆಂಬುದು ಈ ಲೇಖಕನ ದೃಢವಾದ ಅಭಿಪ್ರಾಯ.

ಉದಾಹರಣೆಗೆ ಕಾಫಿಯ ಎಲೆ ತುಕ್ಕು ರೋಗವನ್ನೇ ತೆಗೆದುಕೊಳ್ಳೋಣ. ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂಬ ಶಿಲೀಂಧ್ರದಿಂದ ಬರುವ ಈ ರೋಗ 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು, ಮುಂದಿನ ದಶಕಗಳಲ್ಲಿ ಅಲ್ಲಿನ ಕಾಫಿ ಬೇಸಾಯವನ್ನೇ ಅಳಿಸಿ ಚಹಾಕ್ಕೆ ದಾರಿ ಮಾಡಿಕೊಟ್ಟಿತು. ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರಕ್ಕೂ ತುಕ್ಕು ನಿರೋಧಕ ತಳಿಗಳ ಹುಡುಕಾಟವೇ ಬಹುಕಾಲದ ಮುಖ್ಯ ಕಾಯಕವಾಗಿತ್ತು. ರೊಬಸ್ಟಾಗಿಂತ ಅರೇಬಿಕಾ ಗಿಡಗಳನ್ನು ಇದು ಹೆಚ್ಚು ಕಾಡುತ್ತದೆ. ಎಲೆಯ ಮೇಲ್ಭಾಗದಲ್ಲಿ ತಿಳಿಹಳದಿ ಚುಕ್ಕೆಗಳೂ ಅಡಿಭಾಗದಲ್ಲಿ ಕಿತ್ತಳೆ ಬಣ್ಣದ ಪುಡಿಯೂ ಇದರ ಲಕ್ಷಣಗಳು.

ಫೋಟೊ ತೆಗೆಯುವಾಗಲೇ ಕೆಲಸ ಆರಂಭವಾಗುತ್ತದೆ

ಪ್ಲಾಂಟ್‌ವಿಲೇಜ್ ಎಂಬ ಹೆಸರಾಂತ ಸಂಗ್ರಹದಲ್ಲಿನ 14 ಬೆಳೆಗಳ, 26 ರೋಗಗಳ ಒಟ್ಟು 54,306 ಎಲೆಚಿತ್ರಗಳನ್ನು ಬಳಸಿ ನಡೆಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅದೇ ಸಂಗ್ರಹದಿಂದ ಬದಿಗಿರಿಸಿದ್ದ ಚಿತ್ರಗಳ ಮೇಲೆ ಪರೀಕ್ಷಿಸಿದಾಗ ಮಾದರಿಯ ನಿಖರತೆ ಶೇ 99.35ರಷ್ಟಿತ್ತು, ಬೇರೆ ಪರಿಸ್ಥಿತಿಯಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಅದು ಶೇ 31ರ ಆಸುಪಾಸಿಗೆ ಕುಸಿಯಿತು. ಕಿತ್ತ ಎಲೆಗಳನ್ನು ಸಮನಾದ ಹಿನ್ನೆಲೆಯ ಮೇಲಿಟ್ಟು ತೆಗೆದ ಚಿತ್ರಗಳಿಂದ ಕಲಿತ ಮಾದರಿಗೆ ತೋಟದ ನೆರಳು ಬೆಳಕು, ಒಂದರ ಮೇಲೊಂದು ಬಿದ್ದ ಎಲೆಗಳು, ಹಿಂಬದಿಯ ಮಣ್ಣು ಮತ್ತು ತರಗು ಪರಿಚಯವೇ ಇರುವುದಿಲ್ಲ. ಆದ್ದರಿಂದ ಫೋಟೊಗಳನ್ನು ಗಿಡದಲ್ಲೇ, ಬೇರೆ ಬೇರೆ ಹೊತ್ತಿನಲ್ಲಿ, ಮಳೆಗಾಲದ ಮೊದಲೂ ನಂತರವೂ ತೆಗೆಯಬೇಕು. ಸಾಧ್ಯವಿದ್ದಷ್ಟೂ ಎಲೆಯ ಎರಡೂ ಬದಿಗಳಿರಬೇಕು. ಆರೋಗ್ಯವಾಗಿರುವ ಎಲೆಗಳನ್ನು ಮರೆಯಬಾರದು. ಬೋರ್ಡೋ ದ್ರಾವಣ ಎಂಬ ಶಿಲೀಂಧ್ರನಾಶಕ ಸಿಂಪಡಿಸಿದ ನಂತರ ಎಲೆಯ ಮೇಲೆ ಉಳಿಯುವ ನೀಲಿ ಛಾಯೆಯ ಪದರವಿರುವ ಚಿತ್ರಗಳೂ ಬೇಕು, ಏಕೆಂದರೆ ಆ್ಯಪ್ ಬಳಸುವವರು ಅಂಥ ಎಲೆಗಳನ್ನೂ ತೋರಿಸುತ್ತಾರೆ.

ತೋಟದಿಂದ ಮನೆಗೆ ಚಿತ್ರ ಕಳುಹಿಸುವಾಗ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳುಹಿಸಿದರೆ ಅದು ಕುಗ್ಗಿ ಸೂಕ್ಷ್ಮ ವಿವರಗಳು ಮಾಸಿಹೋಗುತ್ತವೆ. ಡಾಕ್ಯುಮೆಂಟ್ ಎಂದು ಕಳುಹಿಸುವುದು ಇಲ್ಲವೇ ಕೇಬಲ್ ಮೂಲಕ ಇಳಿಸಿಕೊಳ್ಳುವುದು ಸರಿಯಾದ ಕ್ರಮ. ಪ್ರತಿ ಫೈಲಿಗೂ ತೋಟ, ಗಿಡದ ಸಂಖ್ಯೆ, ದಿನಾಂಕ ಮತ್ತು ಎಲೆಯ ಬದಿ ತಿಳಿಯುವಂಥ ಹೆಸರಿಟ್ಟು, ಮೂಲ ಚಿತ್ರಗಳ ಒಂದು ಪ್ರತಿಯನ್ನು ಮುಟ್ಟದೆ ಬೇರೆಡೆ ಇರಿಸಬೇಕು.

ನಿಯಮಗಳನ್ನು ಮೊದಲು ಬರೆಯಿರಿ

ತಂತ್ರಾಂಶ ತೆರೆಯುವ ಮುನ್ನ ತೀರ್ಮಾನಿಸಬೇಕಾದದ್ದು ನಮಗೆ ಬೇಕಾದ ಉತ್ತರ ಯಾವುದೆಂಬುದನ್ನು. ಎಲೆಗೆ ತುಕ್ಕು ಇದೆಯೋ ಇಲ್ಲವೋ ಎಂದಷ್ಟೇ ತಿಳಿಯಬೇಕಾದರೆ ಇಡೀ ಚಿತ್ರಕ್ಕೆ ಒಂದು ಹೆಸರು ಕೊಟ್ಟರೆ ಸಾಕು. ಚುಕ್ಕೆಗಳನ್ನು ಎಣಿಸಬೇಕಾದರೆ ಪ್ರತಿಯೊಂದರ ಸುತ್ತ ಆಯತ ಎಳೆಯಬೇಕು. ಎಲೆಯ ಎಷ್ಟು ಭಾಗ ರೋಗಕ್ಕೆ ತುತ್ತಾಗಿದೆ ಎಂದು ಶೇಕಡಾವಾರು ಹೇಳಬೇಕಾದರೆ ಎಲೆಯ ಅಂಚನ್ನೂ ಪ್ರತಿ ಚುಕ್ಕೆಯ ಅಂಚನ್ನೂ ಬಹುಭುಜಾಕೃತಿಯಿಂದ ಸುತ್ತುವರಿಯಬೇಕು. ಮೂರನೆಯದಕ್ಕೆ ಮೊದಲನೆಯದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸಮಯ ತಗಲುವುದರಿಂದ, ಅಗತ್ಯವಿಲ್ಲದೆ ಅದನ್ನು ಆರಿಸಿಕೊಂಡವರು ಅರ್ಧಕ್ಕೇ ಕೈಬಿಡುವ ಸಂಭವ ಹೆಚ್ಚು.

ಆಮೇಲೆ ಬರೆಯಬೇಕಾದದ್ದು ಒಂದೆರಡು ಪುಟಗಳ ನಿಯಮಾವಳಿ. ಇಡೀ ಕೆಲಸದಲ್ಲಿ ಅತ್ಯಂತ ಬೆಲೆಯುಳ್ಳ ದಾಖಲೆ ಇದೇ ಆಗಿದ್ದರೂ ಹೆಚ್ಚಿನವರು ಇದನ್ನೇ ಬಿಟ್ಟುಬಿಡುತ್ತಾರೆ. ಎರಡು ಚುಕ್ಕೆಗಳು ಬೆಳೆದು ಒಂದಕ್ಕೊಂದು ಕೂಡಿಕೊಂಡಿದ್ದರೆ ಒಂದೆಂದು ಗುರುತಿಸಬೇಕೇ, ಎರಡೆಂದೇ? ಕಿತ್ತಳೆ ಪುಡಿಯ ಸುತ್ತಲಿನ ಹಳದಿ ವಲಯ ರೋಗದ ಭಾಗವೇ, ಅಲ್ಲವೇ? ಚೌಕಟ್ಟಿನ ಅಂಚಿನಲ್ಲಿ ಅರ್ಧ ಕತ್ತರಿಸಿಹೋದ ಎಲೆಯನ್ನು, ಹಿನ್ನೆಲೆಯಲ್ಲಿ ಮಸುಕಾಗಿ ಕಾಣುವ ಎಲೆಯನ್ನು ಏನು ಮಾಡಬೇಕು? ಇಂಥ ಪ್ರಶ್ನೆಗಳಿಗೆ ಯಾವ ಉತ್ತರ ಕೊಟ್ಟರೂ ಆದೀತು, ಆದರೆ ಎಲ್ಲರೂ ಎಲ್ಲ ಚಿತ್ರಗಳಲ್ಲೂ ಅದೇ ಉತ್ತರಕ್ಕೆ ಬದ್ಧರಾಗಿರಬೇಕು.

ತುಕ್ಕಿನಂತೆಯೇ ಕಾಣುವ ಬೇರೆ ಲಕ್ಷಣಗಳನ್ನೂ ನಿಯಮಾವಳಿಯಲ್ಲಿ ಚಿತ್ರಸಹಿತ ತೋರಿಸಬೇಕು. ಸರ್ಕೋಸ್ಪೋರಾ ಶಿಲೀಂಧ್ರದಿಂದ ಬರುವ ಕಂದು ಕಣ್ಣು ಚುಕ್ಕೆ ರೋಗದಲ್ಲೂ ಹಳದಿ ವಲಯವಿರಬಹುದು, ಆದರೆ ನಡುವೆ ಬೂದು ಬಣ್ಣದ ಕಣ್ಣಿದ್ದು ಸುತ್ತ ಕಂದು ಉಂಗುರವಿರುತ್ತದೆ, ತುಕ್ಕಿನ ಕಿತ್ತಳೆ ಪುಡಿ ಇರುವುದಿಲ್ಲ. ಇದನ್ನು ಫೋಟೊದಲ್ಲಿ ಕಣ್ಣಳತೆಯಿಂದ ಬೇರ್ಪಡಿಸಲು ತೋಟದ ಅನುಭವವೇ ಬೇಕು. ಅದರೊಂದಿಗೆ ‘ಸಂಶಯ’ ಎಂಬ ವರ್ಗವೊಂದನ್ನು ಕಡ್ಡಾಯವಾಗಿ ಇಡಬೇಕು. ಗೊತ್ತಾಗದ್ದನ್ನು ಊಹಿಸಿ ತುಕ್ಕು ಎಂದು ಬರೆದರೆ ಆ ಊಹೆಯನ್ನೇ ಮಾದರಿಯು ಸತ್ಯವೆಂದು ಕಲಿಯುತ್ತದೆ; ಸಂಶಯವೆಂದು ಬರೆದಿಟ್ಟರೆ ಮುಂದೆ ಸಸ್ಯರೋಗ ತಜ್ಞರು ಅಷ್ಟನ್ನೇ ನೋಡಿ ಇತ್ಯರ್ಥ ಮಾಡಬಹುದು.

ವಿಐಎ: ಒಂದೇ ಫೈಲಿನ ತಂತ್ರಾಂಶ

ಮೊದಲ ಬಾರಿಗೆ ಈ ಕೆಲಸಕ್ಕೆ ಕೈಹಾಕುವವರಿಗೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಷುವಲ್ ಜಿಯೊಮೆಟ್ರಿ ಗ್ರೂಪ್ ರೂಪಿಸಿದ ವಿಜಿಜಿ ಇಮೇಜ್ ಅನೊಟೇಟರ್, ಅಂದರೆ ವಿಐಎ, ಎಲ್ಲಕ್ಕಿಂತ ಅನುಕೂಲವಾದದ್ದು. ಇದು ಒಂದೇ ಒಂದು ಎಚ್‌ಟಿಎಂಎಲ್ ಫೈಲು. ಇನ್‌ಸ್ಟಾಲ್ ಮಾಡುವ ಅಗತ್ಯವಿಲ್ಲ, ಬ್ರೌಸರಿನಲ್ಲಿ ತೆರೆದರೆ ಸಾಕು. ಒಮ್ಮೆ ಇಳಿಸಿಕೊಂಡ ಮೇಲೆ ಇಂಟರ್‌ನೆಟ್ ಕೂಡ ಬೇಡ. ನೆಟ್‌ವರ್ಕ್ ಸಿಗದ ಮಲೆನಾಡಿನ ಮನೆಗಳಲ್ಲಿ ಇದು ಸಣ್ಣ ಸೌಕರ್ಯವಲ್ಲ. ಚಿತ್ರಗಳು ನಿಮ್ಮ ಕಂಪ್ಯೂಟರಿನಿಂದ ಹೊರಗೆ ಹೋಗುವುದೂ ಇಲ್ಲ. ಎರಡನೆಯ ಆವೃತ್ತಿಯಲ್ಲಿ ಕೆಲಸದ ಕ್ರಮ ಹೀಗಿದೆ.

ಮೊದಲು ‘ಆ್ಯಡ್ ಫೈಲ್ಸ್’ ಒತ್ತಿ ಚಿತ್ರಗಳನ್ನು ಸೇರಿಸಿಕೊಳ್ಳಿ. ನಂತರ ‘ಆಟ್ರಿಬ್ಯೂಟ್ಸ್’ ವಿಭಾಗದಲ್ಲಿ, ಗುರುತಿಸಿದ ಪ್ರದೇಶಕ್ಕೆ ಸಂಬಂಧಿಸಿದ ‘ರೀಜನ್ ಆಟ್ರಿಬ್ಯೂಟ್ಸ್’ ಅಡಿಯಲ್ಲಿ ಹೊಸ ಗುಣವೊಂದನ್ನು ರಚಿಸಿ, ಅದರ ಬಗೆಯನ್ನು ‘ಡ್ರಾಪ್‌ಡೌನ್’ ಎಂದು ಆರಿಸಿ, ಎಲೆ, ತುಕ್ಕು, ಕಂದು ಕಣ್ಣು ಚುಕ್ಕೆ, ಸಂಶಯ ಎಂಬ ಆಯ್ಕೆಗಳನ್ನು ತುಂಬಿರಿ. ಪ್ರತಿ ಆಯ್ಕೆಗೂ ಗುರುತಿನ ಸಂಕೇತ ಮತ್ತು ವಿವರಣೆ ಎಂಬ ಎರಡು ಜಾಗಗಳಿರುತ್ತವೆ. ಸಂಕೇತವನ್ನು ರೋಮನ್ ಲಿಪಿಯ ಚಿಕ್ಕ ಅಕ್ಷರಗಳಲ್ಲೂ ವಿವರಣೆಯನ್ನು ಕನ್ನಡದಲ್ಲೂ ಬರೆಯುವುದು ಜಾಣತನ: ಗುರುತು ಹಾಕುವವರಿಗೆ ಕನ್ನಡದ ಹೆಸರು ಕಾಣುತ್ತದೆ, ಮುಂದೆ ಮಾದರಿ ತಯಾರಿಸುವವರ ಪ್ರೋಗ್ರಾಂಗಳಿಗೂ ತೊಡಕಾಗುವುದಿಲ್ಲ. ಹೆಸರನ್ನು ಪ್ರತಿ ಸಲ ಟೈಪ್ ಮಾಡುವ ವ್ಯವಸ್ಥೆಯನ್ನು ಮಾತ್ರ ಇಡಬೇಡಿ. ಕಾಗುಣಿತ ಒಂದಕ್ಷರ ತಪ್ಪಿದರೂ ಕಂಪ್ಯೂಟರ್ ಅದನ್ನು ಹೊಸದೊಂದು ರೋಗವೆಂದೇ ಎಣಿಸುತ್ತದೆ.

ಇನ್ನು ಆಕೃತಿಗಳ ಸಾಲಿನಿಂದ ಬಹುಭುಜಾಕೃತಿಯನ್ನು ಆರಿಸಿ, ಎಲೆಯ ತೊಟ್ಟಿನಿಂದ ತೊಡಗಿ ಅಂಚಿನುದ್ದಕ್ಕೂ ಕ್ಲಿಕ್ ಮಾಡುತ್ತ ಸಾಗಿ, ಕೊನೆಯಲ್ಲಿ ‘ಎಂಟರ್’ ಒತ್ತಿರಿ. ನೇರವಾಗಿರುವಲ್ಲಿ ಕಡಿಮೆ ಬಿಂದುಗಳು, ಅಂಚು ತಿರುಗುವಲ್ಲಿ ಹೆಚ್ಚು ಬಿಂದುಗಳು ಸಾಕಾಗುತ್ತವೆ. ಎಲೆಗಳನ್ನೆಲ್ಲ ಮುಗಿಸಿದ ಮೇಲೆ ಚಿತ್ರವನ್ನು ಹಿಗ್ಗಿಸಿಕೊಂಡು ಚುಕ್ಕೆಗಳಿಗೆ ಬರಬೇಕು.

ಪ್ರಾಜೆಕ್ಟನ್ನು ಆಗಾಗ ಸೇವ್ ಮಾಡುತ್ತಿರಬೇಕು, ಏಕೆಂದರೆ ಉಳಿಸದೆ ಬ್ರೌಸರಿನ ಪುಟ ಮುಚ್ಚಿದರೆ ಶ್ರಮವೆಲ್ಲ ಹೋಗುತ್ತದೆ. ಸೇವ್ ಆಗುವ ಜೆಸನ್ ಎಂಬ ಪಠ್ಯರೂಪದ ಫೈಲಿನಲ್ಲಿ ಗುರುತುಗಳಷ್ಟೇ ಇರುತ್ತವೆ, ಚಿತ್ರಗಳಿರುವುದಿಲ್ಲ. ಜೊತೆಗೆ ವಿಐಎ ಪ್ರತಿ ಚಿತ್ರವನ್ನೂ ಅದರ ಫೈಲಿನ ಹೆಸರು ಮತ್ತು ಬೈಟ್‌ಗಳಲ್ಲಿನ ಗಾತ್ರ ಇವೆರಡನ್ನೂ ಕೂಡಿಸಿ ನೆನಪಿಡುತ್ತದೆ. ನಡುವೆ ಚಿತ್ರದ ಹೆಸರು ಬದಲಿಸಿದರೆ ಅಥವಾ ಅದನ್ನು ಕುಗ್ಗಿಸಿದರೆ ಹಳೆಯ ಗುರುತುಗಳು ಅದಕ್ಕೆ ಹೊಂದಿಕೊಳ್ಳುವುದಿಲ್ಲ. ಮೂಲ ಚಿತ್ರಗಳನ್ನು ಮುಟ್ಟಬಾರದೆಂದು ಮೊದಲೇ ಹೇಳಿದ್ದಕ್ಕೆ ಇದೂ ಒಂದು ಕಾರಣ.

ತಂಡವಾಗಿ ಮಾಡುವವರಿಗೆ

ಹಲವರು ಸೇರಿ ಸಾವಿರಾರು ಚಿತ್ರಗಳನ್ನು ಹಂಚಿಕೊಂಡು ಮಾಡುವುದಾದರೆ ಸಿವಿಎಟಿ ಅಥವಾ ಲೇಬಲ್ ಸ್ಟುಡಿಯೊ ಸೂಕ್ತ. ಇಂಟೆಲ್ ಸಂಸ್ಥೆಯಲ್ಲಿ ಹುಟ್ಟಿದ ಸಿವಿಎಟಿ ಎಂಐಟಿ ಪರವಾನಗಿಯಡಿ ಮುಕ್ತವಾಗಿದ್ದು, ಚಿತ್ರಗಳ ಕಟ್ಟುಗಳನ್ನು ಬೇರೆ ಬೇರೆಯವರಿಗೆ ವಹಿಸಿ, ಅವರು ಮಾಡಿದ್ದನ್ನು ಇನ್ನೊಬ್ಬರು ಪರಿಶೀಲಿಸಲು ಅವಕಾಶ ಕೊಡುತ್ತದೆ. ಇದನ್ನು ಡಾಕರ್ ಎಂಬ ತಂತ್ರಾಂಶದ ಮೂಲಕ ಸರ್ವರಿನಲ್ಲಿ ಸ್ಥಾಪಿಸಬಲ್ಲ ಒಬ್ಬರು ತಂಡದಲ್ಲಿರಬೇಕು. ಅಪಾಚೆ 2.0 ಪರವಾನಗಿಯ ಲೇಬಲ್ ಸ್ಟುಡಿಯೊ ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಬಲ್ಲವರಿಗೆ ಇನ್ನೂ ಸುಲಭ. ಒಬ್ಬರೇ ಮಾಡುವವರಿಗೆ ಲೇಬಲ್‌ಮಿ ಕೂಡ ಇದೆ.

ಮೆಟಾ ಸಂಸ್ಥೆ 2023ರ ಏಪ್ರಿಲ್‌ನಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ಸೆಗ್ಮೆಂಟ್ ಎನಿಥಿಂಗ್ ಮಾದರಿಯನ್ನು ಇಂಥ ತಂತ್ರಾಂಶಗಳಿಗೆ ಜೋಡಿಸಿಕೊಂಡರೆ, ಎಲೆಯ ಮೇಲೆ ಒಮ್ಮೆ ಕ್ಲಿಕ್ ಮಾಡಿದಾಗ ಅದರ ಅಂಚು ತಾನಾಗಿ ಮೂಡುತ್ತದೆ. 1.1 ಕೋಟಿ ಚಿತ್ರಗಳಿಂದ ಕಲಿತ ಈ ಮಾದರಿ ಗಟ್ಟಿಯಾದ ಅಂಚುಗಳನ್ನು ಚೆನ್ನಾಗಿ ಹಿಡಿಯುತ್ತದೆ. ಆರಂಭದ ತುಕ್ಕಿನ ಹಳದಿಯಾದರೋ ಎಲೆಯ ಹಸಿರಿನೊಳಗೆ ಕರಗುವಂಥದ್ದು, ಅದಕ್ಕೆ ಸ್ಪಷ್ಟ ಅಂಚೇ ಇಲ್ಲ. ಹಾಗಾಗಿ ಎಲೆಯ ಅಂಚಿಗೆ ಈ ನೆರವನ್ನು ಧಾರಾಳವಾಗಿ ಪಡೆಯಿರಿ, ಚುಕ್ಕೆಗಳ ಅಂಚನ್ನು ಪ್ರತಿ ಸಲವೂ ಕಣ್ಣಿಟ್ಟು ತಿದ್ದಿರಿ.

ಒಬ್ಬರ ಗುರುತನ್ನು ಇನ್ನೊಬ್ಬರಿಂದ ಅಳೆಯಿರಿ

ಪೂರ್ತಿ ಕೆಲಸಕ್ಕಿಳಿಯುವ ಮೊದಲು, ಕೆಲವು ಚಿತ್ರಗಳನ್ನು ಇಬ್ಬರು ಪರಸ್ಪರ ನೋಡಿಕೊಳ್ಳದೆ ಗುರುತಿಸಿ ಹೋಲಿಸಬೇಕು. ಆಕೃತಿಗಳನ್ನು ಹೋಲಿಸುವಾಗ ಇಬ್ಬರಿಗೂ ಸಾಮಾನ್ಯವಾದ ಪ್ರದೇಶವನ್ನು ಇಬ್ಬರದೂ ಸೇರಿದ ಒಟ್ಟು ಪ್ರದೇಶದಿಂದ ಭಾಗಿಸುತ್ತಾರೆ. ಒಂದೇ ಚುಕ್ಕೆಗೆ ಒಬ್ಬರು 400 ಪಿಕ್ಸೆಲ್, ಇನ್ನೊಬ್ಬರು 500 ಪಿಕ್ಸೆಲ್ ಗುರುತಿಸಿ, ಅದರಲ್ಲಿ 360 ಇಬ್ಬರಲ್ಲೂ ಇದ್ದರೆ, ಒಟ್ಟು ಪ್ರದೇಶ 540. ಭಾಗಲಬ್ಧ ಸುಮಾರು 0.67.

ಹೆಸರುಗಳನ್ನು ಹೋಲಿಸುವಾಗ ಬರಿಯ ಶೇಕಡಾವಾರನ್ನು ನಂಬಬಾರದು. 100 ಎಲೆಗಳಲ್ಲಿ ಇಬ್ಬರೂ ತಲಾ 10 ಎಲೆಗಳಿಗೆ ತುಕ್ಕು ಎಂದಿದ್ದು, 86 ಎಲೆಗಳ ಬಗ್ಗೆ ಇಬ್ಬರ ಅಭಿಪ್ರಾಯ ಒಂದೇ ಆಗಿದೆ ಎನ್ನೋಣ. ಕೇಳಲು ಚೆನ್ನಾಗಿಯೇ ಇದೆ. ಆದರೆ ಲೆಕ್ಕ ಬಿಡಿಸಿದರೆ ಇಬ್ಬರೂ ತುಕ್ಕು ಎಂದು ಒಪ್ಪಿದ್ದು 3 ಎಲೆಗಳನ್ನು ಮಾತ್ರ. ಆರೋಗ್ಯವಂತ ಎಲೆಗಳೇ ಹೆಚ್ಚಿರುವುದರಿಂದ ಕಣ್ಮುಚ್ಚಿ ಹೇಳಿದರೂ 82ರಲ್ಲಿ ಹೊಂದಾಣಿಕೆ ಬರುತ್ತಿತ್ತು. ಈ ಆಕಸ್ಮಿಕ ಹೊಂದಾಣಿಕೆಯನ್ನು ಕಳೆದು ಅಳೆಯುವ ಕೋಹೆನ್ ಕಪ್ಪಾ ಎಂಬ ಮಾಪನ ಇಲ್ಲಿ ಸುಮಾರು 0.22 ಆಗುತ್ತದೆ, ಪೂರ್ಣ ಒಮ್ಮತಕ್ಕೆ 1 ಇರಬೇಕು. ಹೀಗಾದಾಗ ಯಾರು ಸರಿ ಎಂದು ವಾದಿಸುವುದಕ್ಕಿಂತ, ಭಿನ್ನಾಭಿಪ್ರಾಯ ಬಂದ ಎಲೆಗಳನ್ನು ಮುಂದಿಟ್ಟುಕೊಂಡು ನಿಯಮಾವಳಿಯಲ್ಲಿ ಎಲ್ಲಿ ಅಸ್ಪಷ್ಟತೆಯಿದೆ ಎಂದು ಹುಡುಕಿ, ತಿದ್ದಿ, ಮತ್ತೊಮ್ಮೆ ಪರೀಕ್ಷಿಸಬೇಕು.

ಹೊರತೆಗೆಯುವುದು ಮತ್ತು ಹಂಚುವುದು

ಮುಗಿದ ಗುರುತುಗಳನ್ನು ಕೊಕೊ ಎಂಬ ಜೆಸನ್ ರೂಪದಲ್ಲಿ ಹೊರತೆಗೆದರೆ ಬಹುಭುಜಾಕೃತಿಗಳು ಹಾಗೆಯೇ ಉಳಿಯುತ್ತವೆ. ಆಯತಗಳಿಗೆ ಯೋಲೊ ರೂಪ ಬಳಕೆಯಲ್ಲಿದೆ. ಅದರಲ್ಲಿ ಪ್ರತಿ ಆಯತಕ್ಕೂ ವರ್ಗದ ಸಂಖ್ಯೆ, ಕೇಂದ್ರಬಿಂದುವಿನ ಎರಡು ಸ್ಥಾನಗಳು, ಅಗಲ ಮತ್ತು ಎತ್ತರ ಎಂಬ ಐದು ಅಂಕಿಗಳಿದ್ದು, ಅಳತೆಗಳೆಲ್ಲ ಚಿತ್ರದ ಗಾತ್ರದ ಭಿನ್ನಾಂಶಗಳಾಗಿರುತ್ತವೆ. 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ ಎಡದಿಂದ 1000, ಮೇಲಿನಿಂದ 600ರಲ್ಲಿ ಆರಂಭವಾಗುವ 800ಕ್ಕೆ 600ರ ಆಯತವು, ವರ್ಗದ ಸಂಖ್ಯೆಯ ನಂತರ, 0.35, 0.3, 0.2, 0.2 ಎಂದು ದಾಖಲಾಗುತ್ತದೆ. ಪರಿವರ್ತಿಸಿದ ಬಳಿಕ ಹತ್ತಾರು ಚಿತ್ರಗಳ ಮೇಲೆ ಗುರುತುಗಳನ್ನು ಮತ್ತೆ ಮೂಡಿಸಿ ನೋಡಿದರೆ ತಪ್ಪುಗಳು ಕಣ್ಣಿಗೆ ಬೀಳುತ್ತವೆ.

ಚಿತ್ರಗಳನ್ನು ಕಲಿಕೆಗೆ ಮತ್ತು ಪರೀಕ್ಷೆಗೆ ವಿಂಗಡಿಸುವಾಗ ಫೋಟೊವಾರು ಹಂಚದೆ ತೋಟವಾರು, ಕಡೇಪಕ್ಷ ಗಿಡವಾರು ಹಂಚಬೇಕು. ಒಂದೇ ಗಿಡದ ಎಲೆಗಳು ಎರಡೂ ಕಡೆ ಸೇರಿದರೆ ಪರೀಕ್ಷೆಯ ಫಲಿತಾಂಶ ಇಲ್ಲದ ಹಿರಿಮೆಯನ್ನು ತೋರಿಸುತ್ತದೆ.

ಸಂಗ್ರಹವನ್ನು ಸಾರ್ವಜನಿಕರಿಗೆ ಬಿಡುವ ಮುನ್ನ ಚಿತ್ರಗಳಲ್ಲಿ ಅಡಗಿರುವ ಜಿಪಿಎಸ್ ಸ್ಥಳ ಮಾಹಿತಿಯನ್ನು, ಹಂಚುವ ಪ್ರತಿಗಳಿಂದ ಮಾತ್ರ, ತೆಗೆದುಹಾಕಿ, ತೋಟದವರ ಒಪ್ಪಿಗೆ ಪಡೆಯಬೇಕು. ಯುರೋಪಿನ ಸಂಶೋಧನಾ ಸಂಸ್ಥೆಯಾದ ಸರ್ನ್ ನಡೆಸುವ ಜೆನೋಡೊ ತಾಣದಲ್ಲಿ ಉಚಿತವಾಗಿ ಇರಿಸಿದರೆ ಸಂಗ್ರಹಕ್ಕೆ ಶಾಶ್ವತ ಗುರುತಿನ ಸಂಖ್ಯೆ ದೊರೆಯುತ್ತದೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಲ್ಲಿ ಒಂದನ್ನು ಸ್ಪಷ್ಟವಾಗಿ ನಮೂದಿಸಿ, ನಿಯಮಾವಳಿಯ ಅಂತಿಮ ಆವೃತ್ತಿ, ಗುರುತು ಹಾಕಿದವರ ಸಂಖ್ಯೆ, ಇಬ್ಬರ ನಡುವಿನ ಹೊಂದಾಣಿಕೆಯ ಅಳತೆ ಮತ್ತು ಬಳಸಿದ ತಂತ್ರಾಂಶದ ಆವೃತ್ತಿ, ಇಷ್ಟನ್ನೂ ಚಿತ್ರಗಳ ಜೊತೆಗೇ ಒಂದು ಫೈಲಿನಲ್ಲಿ ಬರೆದಿಡಬೇಕು.